ಅಂಗನವಾಡಿ ಆಟಿಕೆ ಕಿಟ್‌ನ ಮುಂದಿನ ಟೆಂಡರ್ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನಿರ್ದೇಶಕರಿಗೆ, ಖರೀದಿ ಸಮಿತಿಗಳ ಸದಸ್ಯರಿಗೆ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ (ಸಿಡಿಪಿಒ),

ಮಾನ್ಯರೇ,

ಶಾಲಾಪೂರ್ವ ಶಿಕ್ಷಣ ಕಿಟ್‌ಗೆಂದು ಒಂದು ಅಂಗನವಾಡಿಗೆ ವರ್ಷಕ್ಕೆ 5,000 ರೂಪಾಯಿ ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಇದು ಸಾಕೇ ಎಂಬುದು ಬೇರೆ ಚರ್ಚೆ. ಇಷ್ಟೇ ಹಣದಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ನಿಜವಾಗಿ ಆಡುವಂಥದ್ದನ್ನು ಕೊಳ್ಳಬಹುದು, ಯಾರೂ ಮುಟ್ಟದ ಒಂದು ಪೆಟ್ಟಿಗೆಯನ್ನೂ ಕೊಳ್ಳಬಹುದು. ಯಾವುದು ಬರುತ್ತದೆ ಎನ್ನುವುದು ನೀವು ಟೆಂಡರ್‌ನಲ್ಲಿ ಬರೆಯುವ ವಿವರಣೆಯ ನಾಲ್ಕಾರು ಸಾಲುಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

‘ಆಟಿಕೆಗಳು, 30 ಬಗೆ’ ಎಂದು ಬರೆದರೆ ಸರಬರಾಜುದಾರ 30 ಬಗೆಯನ್ನೇ ತಂದುಕೊಡುತ್ತಾನೆ. ತೆಳು ಪ್ಲಾಸ್ಟಿಕ್ಕಿನ ಹಣ್ಣುಗಳ ಸೆಟ್ ಒಂದು, ಅಬ್ಯಾಕಸ್ ಒಂದು, ರಟ್ಟಿನ ಪಜಲ್ ಒಂದು, ಡಾಕ್ಟರ್ ಸೆಟ್ ಒಂದು, ಮಾತಾಡುವ ಅಕ್ಷರದ ಹಲಗೆ ಒಂದು. ಎಣಿಕೆ ಸರಿಹೋಯಿತು, ಬಿಲ್ ಪಾಸಾಯಿತು. ಇಪ್ಪತ್ತು ಮಕ್ಕಳ ನಡುವೆ ಇಂಥ ಒಂಟಿ ವಸ್ತುಗಳನ್ನಿಟ್ಟರೆ ಆಗುವುದು ಕಿತ್ತಾಟ. ಕಾರ್ಯಕರ್ತೆ ಅದನ್ನು ತೆಗೆದು ಬೀರುವಿನಲ್ಲಿಟ್ಟರೆ ಅವರನ್ನು ದೂರುವಂತಿಲ್ಲ.

ಬಗೆ ಹೆಚ್ಚಿದ್ದರೆ ಆಟವೂ ಹೆಚ್ಚು ಎನ್ನುವ ಲೆಕ್ಕ ತಪ್ಪು. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಬಿಟ್ಟು ನೋಡಿದ ಅಮೆರಿಕದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಕಳೆದರು, ಅದೇ ವಸ್ತುವನ್ನು ಹೆಚ್ಚು ಬಗೆಯಲ್ಲಿ ಬಳಸಿದರು. ಅಧ್ಯಯನ ಚಿಕ್ಕದು, ಮಕ್ಕಳೂ ಅಂಗನವಾಡಿ ವಯಸ್ಸಿಗಿಂತ ಸಣ್ಣವರು. ಆದರೂ ಹತ್ತು ನಿಮಿಷ ಸುಮ್ಮನೆ ಕೂತು ಮಕ್ಕಳ ಆಟ ನೋಡಿದ ಯಾರಿಗೂ ಈ ಫಲಿತಾಂಶ ಅಚ್ಚರಿ ಎನಿಸುವುದಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು: ಬಗೆ ಕಡಿಮೆ ಮಾಡಿ, ಪ್ರಮಾಣ ಹೆಚ್ಚಿಸಿ. ಪ್ರತಿ ವರ್ಷವೂ ಒಂದು ಪೂರ್ತಿ ಕಿಟ್ ಕೊಳ್ಳುವ ಬದಲು ಮೂರು ವರ್ಷಕ್ಕೆ ಸೇರಿಸಿ ಯೋಜನೆ ಹಾಕಿ. ಮೊದಲ ವರ್ಷ ಕಟ್ಟುವ ಆಟಕ್ಕೆ, ಎರಡನೆಯ ವರ್ಷ ಮನೆಯಾಟ ಮತ್ತು ಚೆಂಡುಗಳಿಗೆ, ಮೂರನೆಯ ವರ್ಷ ಪಜಲ್‌ಗಳಿಗೆ ಮತ್ತು ಕಳೆದುಹೋದದ್ದನ್ನು ತುಂಬುವುದಕ್ಕೆ.

ಕಟ್ಟುವ ಆಟವನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣವಿದೆ. ಬಣ್ಣ ಬಳಿಯದ, ಚಿತ್ರ ಅಂಟಿಸದ, ಅಳತೆ ಪಕ್ಕಾ ಇರುವ ಮರದ ದಿಮ್ಮಿಗಳಷ್ಟು ವರ್ಷಗಟ್ಟಲೆ ಬಾಳಿ ಮೂರು ವರ್ಷದವನಿಗೂ ಆರು ವರ್ಷದವಳಿಗೂ ಒದಗುವ ಆಟಿಕೆ ಇನ್ನೊಂದಿಲ್ಲ. ಜಗತ್ತಿನಾದ್ಯಂತ ಶಿಶುವಿಹಾರಗಳಲ್ಲಿ ಬಳಕೆಯಲ್ಲಿರುವ ಅಳತೆಯನ್ನು ನೂರು ವರ್ಷಕ್ಕೂ ಹಿಂದೆ ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದರು. ಅದಕ್ಕೆ ಪೇಟೆಂಟ್ ಇಲ್ಲ, ಯಾವ ಬಡಗಿಯೂ ಮಾಡಬಹುದು. ಮೂಲ ದಿಮ್ಮಿಯ ದಪ್ಪ 3.5 ಸೆಂ.ಮೀ., ಅಗಲ 7, ಉದ್ದ 14. ಅಂದರೆ 1:2:4. ಅರ್ಧ ದಿಮ್ಮಿ 7 ಸೆಂ.ಮೀ., ಜೋಡಿ 28, ನಾಲ್ಪಟ್ಟು 56.

ಇಪ್ಪತ್ತು ಮಕ್ಕಳ ಕೇಂದ್ರದಲ್ಲಿ ಒಮ್ಮೆಗೆ ನಾಲ್ಕೈದು ಮಕ್ಕಳು ಕಟ್ಟಲು ಕೂರುತ್ತಾರೆ. ಅವರಿಗೆ ನಾವು ಸೂಚಿಸುವುದು 120 ತುಂಡು: ಅರ್ಧ 24, ಮೂಲ 48, ಜೋಡಿ 24, ನಾಲ್ಪಟ್ಟು 8, ತ್ರಿಕೋನ 8, ಕಂಬ 8. ಹಣ ಸಾಲದಿದ್ದರೆ ಇದೇ ಪ್ರಮಾಣದಲ್ಲಿ 80ರಿಂದ ಶುರು ಮಾಡಿ. ಅದಕ್ಕೂ ಕಡಿಮೆಯಾದರೆ ಒಬ್ಬಳು ಮನೆ ಕಟ್ಟುವಷ್ಟರಲ್ಲಿ ಉಳಿದವರಿಗೆ ಏನೂ ಇರುವುದಿಲ್ಲ. ಮರಕ್ಕೆ ಸಿಲ್ವರ್ ಓಕ್ ಅಥವಾ ರಬ್ಬರ್ ಮರ ಸಾಕು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ನಮ್ಮ ರಾಜ್ಯದಲ್ಲೇ ಹೇರಳ. 120 ತುಂಡು ಹೆಚ್ಚುಕಮ್ಮಿ 30 ಕಿಲೋ ತೂಗುತ್ತದೆ. ರಟ್ಟಿನ ಡಬ್ಬಿಗೆ ತುಂಬಿ ಕಳಿಸುವ ಸಾಮಾನಲ್ಲ ಇದು. ನೆಲದಿಂದ 60 ಸೆಂ.ಮೀ. ಎತ್ತರ ಮೀರದ ತೆರೆದ ಹಲಗೆ-ಕಪಾಟನ್ನೂ ಟೆಂಡರ್‌ನಲ್ಲೇ ಸೇರಿಸಿ, ಅದನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಬೇಕೆಂದೂ ಬರೆಯಿರಿ.

ಇಲ್ಲಿ ಕೆಡುವುದು ಬಹುಪಾಲು ಅಳತೆಯಲ್ಲಿ. ಗರಗಸದ ಹಲ್ಲು ಒಂದು ಕೊಯ್ತಕ್ಕೆ ಸುಮಾರು 3 ಮಿ.ಮೀ. ಮರ ತಿನ್ನುತ್ತದೆ. ಮೂಲ ದಿಮ್ಮಿಯನ್ನೇ ನಡುವೆ ಸೀಳಿ ಎರಡು ಅರ್ಧ ಮಾಡಿದರೆ ಆ ಎರಡನ್ನು ಸೇರಿಸಿದಾಗ ಮೂಲಕ್ಕಿಂತ 3 ಮಿ.ಮೀ. ಗಿಡ್ಡ ಬರುತ್ತದೆ. ದೊಡ್ಡವರ ಕಣ್ಣಿಗೆ ಇದು ಏನೂ ಅಲ್ಲ. ಮಗುವಿನ ಆಟವನ್ನೇ ನೋಡಿ: ನಾಲ್ಕು ವರ್ಷದವಳು ಸೇತುವೆಯ ಒಂದು ಕಡೆ ಮೂಲ ದಿಮ್ಮಿಯನ್ನು ನಿಲ್ಲಿಸುತ್ತಾಳೆ, ಇನ್ನೊಂದು ಕಡೆಗೆ ಅಂಥದ್ದೇ ಸಿಗದೆ ಎರಡು ಅರ್ಧವನ್ನು ಒಂದರ ಮೇಲೊಂದು ನಿಲ್ಲಿಸುತ್ತಾಳೆ, ಬಗ್ಗಿ ಕಣ್ಣಿನ ಮಟ್ಟಕ್ಕೆ ನೋಡುತ್ತಾಳೆ, ಮೇಲೆ ಜೋಡಿ ದಿಮ್ಮಿಯನ್ನು ಅಡ್ಡ ಇಡುತ್ತಾಳೆ. ಅಳತೆ ಸರಿಯಿದ್ದರೆ ಅದು ಕೂರುತ್ತದೆ. ಎರಡು ಅರ್ಧ ಸೇರಿದರೆ ಒಂದು ಎಂಬುದು ಅವಳಿಗೆ ಅಲ್ಲೇ ಖಾತ್ರಿಯಾಯಿತು, ಯಾರೂ ಹೇಳಿಕೊಡಬೇಕಿಲ್ಲ. ಅಳತೆ ತಪ್ಪಿದ್ದರೆ ಅದು ಒಂದು ಕಡೆ ವಾಲಿ ಜಾರುತ್ತದೆ, ತಪ್ಪು ತನ್ನ ಕೈಯದು ಎಂದು ಅವಳು ಅಂದುಕೊಳ್ಳುತ್ತಾಳೆ. ದಪ್ಪದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಹತ್ತು ದಿಮ್ಮಿಯ ಎರಡು ಗೋಪುರಗಳ ನಡುವೆ ಒಂದು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ.

ಹಾಗಾಗಿ ವಿವರಣೆಯಲ್ಲಿ ಹೀಗೆ ಬರೆಯಿರಿ: ಅಳತೆಯ ವ್ಯತ್ಯಾಸ ಅರ್ಧ ಮಿ.ಮೀ. ಒಳಗೆ, ಮರದ ತೇವಾಂಶ ಶೇ. 8ರಿಂದ 12, ಅಂಚುಗಳನ್ನು 2 ಮಿ.ಮೀ.ನಷ್ಟು ದುಂಡಾಗಿಸಿ ನುಣುಪಾಗಿ ಉಜ್ಜಿರಬೇಕು. ಮೊಳೆ, ವಾರ್ನಿಷ್, ಸ್ಟಿಕ್ಕರ್ ಇರಬಾರದು. ಹಸಿ ಮರದಲ್ಲಿ ಮಾಡಿದ ದಿಮ್ಮಿ ಬಳ್ಳಾರಿಯ ಬೇಸಿಗೆಯಲ್ಲಿ ಸೀಳುತ್ತದೆ, ಆಗುಂಬೆಯ ಮಳೆಯಲ್ಲಿ ಬೂಸ್ಟು ಹಿಡಿಯುತ್ತದೆ.

ಈ ಆಟಕ್ಕೆ ಹೊತ್ತೂ ಬೇಕು. ಮೊದಲ ಹತ್ತು ಹದಿನೈದು ನಿಮಿಷ ಮಕ್ಕಳು ದಿಮ್ಮಿ ಹೊತ್ತು ತಿರುಗುವುದರಲ್ಲೇ ಕಳೆಯುತ್ತಾರೆ. ಆಮೇಲೆ ಸಾಲು, ಗೋಪುರ, ಸೇತುವೆ, ಸುತ್ತುಗೋಡೆ. ಕೊನೆಗೆ ಅದಕ್ಕೆ ‘ನಮ್ಮೂರ ಬಸ್‌ಸ್ಟ್ಯಾಂಡ್’ ಎಂಬ ಹೆಸರು. ಇಪ್ಪತ್ತು ನಿಮಿಷದ ಪೀರಿಯಡ್‌ನಲ್ಲಿ ಬಸ್‌ಸ್ಟ್ಯಾಂಡ್ ಏಳುವುದಿಲ್ಲ. ದಿನಕ್ಕೊಮ್ಮೆಯಾದರೂ 45 ನಿಮಿಷ ತಡೆಯಿಲ್ಲದ ಆಟ ಬೇಕೆಂದು ವೇಳಾಪಟ್ಟಿಯಲ್ಲೇ ಸೇರಿಸಿ.

ಮನೆಯಾಟದ ಸಾಮಾನಿಗೆ ಆಟಿಕೆ ಅಂಗಡಿಗೆ ಹೋಗಲೇಬೇಡಿ, ಪಾತ್ರೆ ಅಂಗಡಿಗೆ ಹೋಗಿ. ಸಣ್ಣ ಸ್ಟೀಲ್ ಲೋಟ 8, ತಟ್ಟೆ 6, ಸೌಟು 3, ಮುಚ್ಚಳವಿರುವ ಚಿಕ್ಕ ಪಾತ್ರೆ 3, ಜರಡಿ 1, ಪುಟ್ಟ ಮೊರ 2. ಆಟಿಕೆ ಎಂದು ಮಾರುವ ತಗಡಿನ ಅಡುಗೆ ಸೆಟ್‌ಗಳ ಅಂಚು ಬ್ಲೇಡಿನಂತಿರುತ್ತದೆ. ಮನೆಗೆ ಕೊಳ್ಳುವ ಪಾತ್ರೆಯ ಬಾಯಿ ಹೊರಳಿಸಿ ಮಡಿಚಿರುತ್ತದೆ. ಜೊತೆಗೆ ಒಂದು ಮೀಟರ್ ಚೌಕದ ಹತ್ತಿ ಬಟ್ಟೆ 6. ಆ ಬಟ್ಟೆ ಸೀರೆಯಾಗುತ್ತದೆ, ಪೇಟವಾಗುತ್ತದೆ, ತೊಟ್ಟಿಲಾಗುತ್ತದೆ, ಅಂಗಡಿಯ ಛಾವಣಿಯೂ ಆಗುತ್ತದೆ. ಹುಡುಗರನ್ನು ಅಡುಗೆ ಮೂಲೆಯಿಂದ ಎಬ್ಬಿಸಿ ಕಳಿಸುವ ರೂಢಿ ಕೆಲವು ಕಡೆ ಇದೆ. ತರಬೇತಿಯಲ್ಲಿ ಅದರ ಬಗ್ಗೆಯೂ ಒಂದು ಮಾತು ಹೇಳಿ.

ಚೆಂಡು 15ರಿಂದ 20 ಸೆಂ.ಮೀ. ವ್ಯಾಸದ್ದು ನಾಲ್ಕು ಇರಲಿ. ಪಜಲ್‌ಗಳಲ್ಲಿ ಮೂರು ವರ್ಷಕ್ಕೆ ಹಿಡಿ ಇರುವ 4ರಿಂದ 6 ತುಂಡಿನದು, ನಾಲ್ಕಕ್ಕೆ 8ರಿಂದ 12, ಐದಾರಕ್ಕೆ 16ರಿಂದ 24. ರಟ್ಟು ಬೇಡ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯೂ ಬೇಡ, ಅದು ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿನೊಳಗೆ ಸಿಕ್ಕಿಕೊಳ್ಳುತ್ತದೆ. 6 ಮಿ.ಮೀ. ಪ್ಲೈವುಡ್ ಕೇಳಿ. ಪ್ರತಿ ತುಂಡಿನ ಹಿಂದೆ ಆ ಪಜಲ್‌ನ ಗುರುತು ಕೊರೆದಿರಬೇಕು, ಇಲ್ಲವಾದರೆ ಮೂರು ಪಜಲ್‌ಗಳ ತುಂಡು ಕಲೆತ ದಿನವೇ ಮೂರೂ ಮೂಲೆಗೆ ಸೇರುತ್ತವೆ. ಪಜಲ್‌ಗಳನ್ನು ಪ್ರತಿ ಕೇಂದ್ರಕ್ಕೂ ಪೂರ್ತಿ ಸೆಟ್ ಕೊಳ್ಳುವ ಅಗತ್ಯವೂ ಇಲ್ಲ. ಒಬ್ಬ ಮೇಲ್ವಿಚಾರಕಿಯ ವೃತ್ತದೊಳಗೆ ಮೂರು ತಿಂಗಳಿಗೊಮ್ಮೆ ಅದಲುಬದಲು ಮಾಡಿದರೆ ಮಕ್ಕಳಿಗೆ ಹೊಸದು, ಖಜಾನೆಗೆ ಉಳಿತಾಯ.

ಚನ್ನಪಟ್ಟಣದ ಬೊಂಬೆಗಳ ವಿಚಾರ ಬೇರೆಯಾಗಿಯೇ ಹೇಳಬೇಕು. ಸ್ಥಳೀಯ ಆಟಿಕೆ ಕೊಳ್ಳಿ ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅದು. 2021ರ ಜನವರಿ 1ರಿಂದ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೂ, ಭೌಗೋಳಿಕ ಸೂಚಿಕೆ (ಜಿಐ) ಪಡೆದ ಆಟಿಕೆಯ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಚನ್ನಪಟ್ಟಣಕ್ಕೆ ಈ ಸೂಚಿಕೆ ಇದೆ. ಸಣ್ಣ ಕುಶಲಕರ್ಮಿಗಳ ಮಟ್ಟಿಗೆ ಈ ವಿನಾಯಿತಿ ನ್ಯಾಯವಾದದ್ದೇ. ಆದರೆ ಸಾವಿರಗಟ್ಟಲೆ ಮಕ್ಕಳಿಗೆ ಒಟ್ಟಾಗಿ ಕೊಳ್ಳುವ ಇಲಾಖೆ ಪರೀಕ್ಷೆಯ ಹೊಣೆಯನ್ನು ತಾನೇ ಹೊರಬೇಕಾಗುತ್ತದೆ, ಪರೀಕ್ಷೆಯ ಖರ್ಚನ್ನೂ ಕುಶಲಕರ್ಮಿಯ ತಲೆಗೆ ಕಟ್ಟಬಾರದು.

ಪರೀಕ್ಷಿಸಬೇಕಾದದ್ದು ಬಣ್ಣವನ್ನು. ಆಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಹರಡುತ್ತದೆ. ಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಅರಗು ನಿರಪಾಯ. ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣ ಬಳಸಿದ್ದರೆ ಚಿಂತೆ ಕಡಿಮೆ. ಅಗ್ಗದ, ಕಣ್ಣು ಕೋರೈಸುವ ಹಳದಿ, ಕಿತ್ತಳೆ ಪುಡಿಗಳಲ್ಲಿ ಸೀಸದ ಕ್ರೋಮೇಟ್ ಇರಬಹುದು. ಸೀಸ ಮಗುವಿನ ಮಿದುಳಿಗೇ ಪೆಟ್ಟು ಕೊಡುತ್ತದೆ, ಇಷ್ಟು ತಗುಲಿದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಆಟಿಕೆ ಸುರಕ್ಷತೆಯ ಭಾರತೀಯ ಮಾನದಂಡ ಐಎಸ್ 9873ರ 3ನೇ ಭಾಗದ ಪ್ರಕಾರ ಆಟಿಕೆಯಿಂದ ಕರಗಿ ಹೊರಬರುವ ಸೀಸ ಕಿಲೋಗೆ 90 ಮಿಲಿಗ್ರಾಂ, ಕ್ಯಾಡ್ಮಿಯಂ 75 ಮಿಲಿಗ್ರಾಂ ಮೀರಬಾರದು. ಪ್ರತಿ ಬಣ್ಣವನ್ನೂ ಬೇರೆಬೇರೆಯಾಗಿ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ. ಹಸಿರು ಪಾಸಾದರೆ ಹಳದಿಯೂ ಪಾಸು ಎಂದಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಬಣ್ಣ ಬಿಡುತ್ತದೆಯೇ ಎಂದು ನೋಡಬಹುದು, ಆದರೆ ಸೀಸವಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಅರಗಿನ ಆಟಿಕೆ ಕೊಂಡಮೇಲೆ ಕಾರ್ಯಕರ್ತೆಯರಿಗೆ ಹೇಳಲೇಬೇಕಾದ್ದು: ಸ್ಯಾನಿಟೈಸರ್ ಹಾಕಬೇಡಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಆಟಿಕೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಕುದಿನೀರು, ಸೋಡಾ ಕೂಡ ಹೊಳಪನ್ನು ತಿನ್ನುತ್ತವೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು.

ಇನ್ನು ಗಂಟಲಿನ ಪ್ರಶ್ನೆ. ಅಂಗನವಾಡಿ ಕಿಟ್ ಮೂರು ವರ್ಷ ಮೇಲ್ಪಟ್ಟವರಿಗೆ ಎಂದು ಕಾಗದದಲ್ಲಿ ಇರುತ್ತದೆ. ಬಾಗಿಲಲ್ಲಿ ನಿಂತು ನೋಡಿದರೆ ಅಕ್ಕನ ಕೈಹಿಡಿದು ಒಂದೂವರೆ ವರ್ಷದ ತಮ್ಮನೂ ಬಂದಿರುತ್ತಾನೆ. ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರಗಳಾದ ‘ಕೂಸಿನ ಮನೆ’ಗಳಲ್ಲಂತೂ ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸಿನವರೂ ಇರುತ್ತಾರೆ. ಮೂರು ವರ್ಷದೊಳಗಿನವರ ಆಟಿಕೆಯ ಯಾವ ತುಂಡೂ 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಹಿಡಿಯಬಾರದು ಎಂದು ಮಾನದಂಡ ಹೇಳುತ್ತದೆ. ಆ ಕೊಳವೆ ಎಲ್ಲರಿಗೂ ಸಿಗುವುದಿಲ್ಲ. 40 ಮಿ.ಮೀ. ಪಿವಿಸಿ ಪೈಪನ್ನು 6 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಪ್ರತಿ ಕೇಂದ್ರಕ್ಕೂ ಒಂದು ಕೊಡಿ. ಒಳವ್ಯಾಸ ಮಾನದಂಡಕ್ಕಿಂತ ತುಸು ದೊಡ್ಡದೇ ಇರುವುದರಿಂದ ಪರೀಕ್ಷೆ ಇನ್ನಷ್ಟು ಬಿಗಿಯಾಗುತ್ತದೆ. ಯಾವ ಬದಿಯಿಂದ ಇಳಿಸಿದರೂ ಪೂರ್ತಿ ಒಳಗೆ ಸೇರುವ ವಸ್ತು ಸಣ್ಣ ಮಕ್ಕಳ ಕೈಗೆ ಬೇಡ. ನೀರಿನ ಬಾಟಲಿಯ ಮುಚ್ಚಳ ಸಲೀಸಾಗಿ ಒಳಹೋಗುತ್ತದೆ, ನೆನಪಿಡಿ. ಚೆಂಡು ದುಂಡಗಿರುವ ಕಾರಣ ಗಂಟಲನ್ನು ಪೂರಾ ಮುಚ್ಚಿಬಿಡುತ್ತದೆ. ಅದಕ್ಕೆ ಮಿತಿ 44.5 ಮಿ.ಮೀ. ರಟ್ಟಿನಲ್ಲಿ ಅಷ್ಟು ದೊಡ್ಡ ತೂತು ಕೊರೆದು ಚೆಂಡನ್ನು ಹಾಕಿ ನೋಡಿ, ದಾಟಿದರೆ ತೆಗೆದಿಡಿ. ಆಟಿಕೆ ಹೊಸದಿದ್ದಾಗ ಪಾಸಾದದ್ದು ಮುರಿದಮೇಲೆ ಪಾಸಾಗದು. ತಿಂಗಳಿಗೊಮ್ಮೆ ಚಕ್ರ, ಕಣ್ಣು, ಗುಂಡಿಗಳನ್ನು ಎಳೆದು ನೋಡುವ ಕೆಲಸವನ್ನು ಒಂದು ದಿನಕ್ಕೆ ಗೊತ್ತುಮಾಡಿ.

ಬಟನ್ ಬ್ಯಾಟರಿ ಇರುವ ಆಟಿಕೆಯನ್ನು ಪಟ್ಟಿಯಿಂದಲೇ ತೆಗೆಯಿರಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡಲು ಶುರುಮಾಡುತ್ತದೆ, ಮಗು ಏನು ನುಂಗಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಬಿಡಿ ಅಯಸ್ಕಾಂತ ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಮಾತಾಡುವ, ಹಾಡುವ ಆಟಿಕೆಗಳ ಬಗ್ಗೆ ನಮ್ಮ ಆಕ್ಷೇಪ ಬ್ಯಾಟರಿಯದಷ್ಟೇ ಅಲ್ಲ. ಗುಂಡಿ ಒತ್ತಿದರೆ ಅದು ಹಾಡುತ್ತದೆ, ಮಗು ಮತ್ತೆ ಒತ್ತುತ್ತದೆ. ಅಲ್ಲಿಗೆ ಆಟ ಮುಗಿಯಿತು. ಹತ್ತರಿಂದ ಹದಿನಾರು ತಿಂಗಳ ಮಕ್ಕಳ ಮೇಲೆ ನಡೆದ, 2015ರ ಡಿಸೆಂಬರ್‌ನಲ್ಲಿ ಹೊರಬಂದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ ಆಟಿಕೆ ಇದ್ದಾಗ ದೊಡ್ಡವರು ಮಗುವಿನ ಜೊತೆ ಆಡುವ ಮಾತೇ ಕಡಿಮೆಯಾಯಿತು. ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾಗುತ್ತಿರುವ ಈ ಹೊತ್ತಿನಲ್ಲಿ ‘ಎ ಫಾರ್ ಆ್ಯಪಲ್’ ಎನ್ನುವ ಹಲಗೆ ಪೋಷಕರನ್ನು ಮೆಚ್ಚಿಸುತ್ತದೆ, ಒಪ್ಪುತ್ತೇವೆ. ಅವರಿಗೆ ತೋರಿಸಲು ಬಾಲ ಮೇಳದ ದಿನ ಮಕ್ಕಳು ಕಟ್ಟಿದ ಬಸ್‌ಸ್ಟ್ಯಾಂಡನ್ನು ಹಾಗೇ ಬಿಡಿ, ಆಗ ಕಾರ್ಯಕರ್ತೆ ಅದರಲ್ಲಿ ಎಣಿಕೆ ಎಲ್ಲಿದೆ, ಭಾಷೆ ಎಲ್ಲಿದೆ ಎಂದು ವಿವರಿಸಲಿ.

ಹಣವೇ ಬೇಕಿಲ್ಲದ ಆಟಿಕೆಯೂ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣೇ ವರ್ಷಪೂರ್ತಿ ಅಂಗನವಾಡಿಗೂ ಆಗುತ್ತದೆ. ಐದು ಕಿಲೋ ಒಣ ಜೇಡಿಮಣ್ಣನ್ನು ಕುಟ್ಟಿ, ಮುಳುಗುವಷ್ಟು ನೀರಿನಲ್ಲಿ ಒಂದು ರಾತ್ರಿ ನೆನೆಸಿ. ಮರುದಿನ ಕಲಕಿ ಜರಡಿಯಲ್ಲಿ ಸೋಸಿದರೆ ಕಲ್ಲು, ಗಾಜಿನ ಚೂರು ಮೇಲೆ ಉಳಿಯುತ್ತವೆ. ಸೋಸಿದ್ದನ್ನು ಗೋಣಿತಾಟಿನ ಮೇಲೆ ಸುರಿದು ನೀರು ಇಂಗಲು ಬಿಟ್ಟು, ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ನಾದಿ. ಮುಚ್ಚಳದ ಬಕೆಟ್‌ನಲ್ಲಿ ಒದ್ದೆ ಬಟ್ಟೆ ಹೊದಿಸಿಟ್ಟರೆ ವಾರಗಟ್ಟಲೆ ಇರುತ್ತದೆ. ಒಂದು ಮಗುವಿಗೆ 250 ಗ್ರಾಂ ಮುದ್ದೆ ಬೇಕು. ನಿಂಬೆಗಾತ್ರ ಕೊಟ್ಟರೆ ಬೆರಳ ತುದಿಗೆ ಮಾತ್ರ ಕೆಲಸ, ಅಂಗೈಗೆ, ತೋಳಿಗೆ ಇಲ್ಲ. ಉಂಡೆ ಬಿರುಕು ಬಿಟ್ಟರೆ ಮರಳು ಹೆಚ್ಚಿದೆ ಅಥವಾ ಒಣಗಿದೆ, ಕೈಗೆ ಮೆತ್ತಿದರೆ ನೀರು ಹೆಚ್ಚಿದೆ. ಹೊಲದ ಮಣ್ಣು ಬೇಡ, ಅದರಲ್ಲಿ ಗೊಬ್ಬರ, ಕೀಟನಾಶಕ ಇರುತ್ತವೆ. ಮೈದಾಕ್ಕೆ ಉಪ್ಪು ಬೆರೆಸಿ ಮಾಡುವ ಹಿಟ್ಟಿಗಿಂತ ಇದೇ ಮೇಲು. ಆ ಹಿಟ್ಟನ್ನು ಮಕ್ಕಳು ತಿನ್ನುತ್ತಾರೆ, ಅಷ್ಟು ಉಪ್ಪು ಅವರಿಗೆ ಒಳ್ಳೆಯದಲ್ಲ.

ಸ್ಥಳೀಯ ವಸ್ತು ಎಂದಾಗ ಒಂದು ಎಚ್ಚರಿಕೆ ಬೇಕೇ ಬೇಕು. ಅಳಿಗುಳಿಮಣೆಗೆ, ಎಣಿಕೆಗೆ, ಕೊಲಾಜಿಗೆ ಅಂದವಾಗಿದೆಯೆಂದು ಗುಲಗಂಜಿ ಬಳಸುವುದುಂಟು. ಅದರೊಳಗಿನ ವಿಷ ಮಾರಕ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆ ಕಾಪಾಡಬಹುದು, ಅಗಿದರೆ ಅಥವಾ ಪೋಣಿಸಲೆಂದು ಚುಚ್ಚಿದ್ದರೆ ಕಾಪಾಡದು. ಹರಳು ಬೀಜವೂ ಹಾಗೆಯೇ. ಕಡಲೆ, ಬಟಾಣಿ ಮೂಗಿಗೆ ಸೇರಿದರೆ ತೇವಕ್ಕೆ ಉಬ್ಬಿ ತೆಗೆಯುವುದೇ ಕಷ್ಟವಾಗುತ್ತದೆ, ಶೇಂಗಾ ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯ. ಐದು ವರ್ಷದ ಮೇಲಿನವರಿಗೆ, ದೊಡ್ಡವರು ಎದುರಿಗಿದ್ದಾಗ, ಹುಣಸೆ ಬೀಜ. ಚಿಕ್ಕವರಿಗೆ ತೆಂಗಿನ ಚಿಪ್ಪು, ದೊಡ್ಡ ಡಬ್ಬಿಯ ಮುಚ್ಚಳ.

ಕೈ ಹಿಡಿತ ಕಡಿಮೆಯಿರುವ ಮಕ್ಕಳಿಗಾಗಿ ಸೌಟಿನ ಹಿಡಿಗೆ, ಕ್ರೇಯಾನ್‌ಗೆ ಸೈಕಲ್ ಹ್ಯಾಂಡಲ್‌ನ ರಬ್ಬರ್ ಗ್ರಿಪ್ ತೊಡಿಸಿದರೆ ಅದೇ ಸಾಮಾನು ಅವರಿಗೂ ಆಗುತ್ತದೆ. ದೃಷ್ಟಿ ಮಂದವಿರುವವರಿಗೆ ಒಳಗೆ ಗೆಜ್ಜೆ ಹೊಲಿದ ಬಟ್ಟೆ ಚೆಂಡು.

ಕೊನೆಯದಾಗಿ ಸ್ಟಾಕ್ ರಿಜಿಸ್ಟರ್. ಮುರಿದ ಪ್ರತಿ ಆಟಿಕೆಗೂ ಕಾರ್ಯಕರ್ತೆ ಉತ್ತರ ಕೊಡಬೇಕಾದ ಕಡೆ ಆಟಿಕೆ ಹೊರಗೆ ಬರುವುದಿಲ್ಲ. ಆಡಿದ ವಸ್ತು ಸವೆಯುತ್ತದೆ. ಸವೆಯದೆ ಉಳಿದದ್ದು ಆಡದ ವಸ್ತು. ಮರದ ಸಾಮಾನನ್ನು ಬಿಟ್ಟು ಉಳಿದವನ್ನು ‘ಬಳಕೆಯ ಸಾಮಗ್ರಿ’ ಎಂದು ವರ್ಗೀಕರಿಸಿ, ವರ್ಷಕ್ಕೆ ಕಾಲುಭಾಗದವರೆಗೆ ಮೇಲ್ವಿಚಾರಕಿಯ ಸಹಿಯಲ್ಲೇ ಲೆಕ್ಕದಿಂದ ತೆಗೆಯಲು ಆದೇಶ ಹೊರಡಿಸಿ. ತಪಾಸಣೆಗೆ ಹೋದವರು ‘ಎಲ್ಲಾ ಇದೆಯೇ’ ಎಂದು ಎಣಿಸುವ ಬದಲು ಬೆಳಿಗ್ಗೆ ಹನ್ನೊಂದಕ್ಕೆ ಯಾವುದು ನೆಲದ ಮೇಲಿದೆ ಎಂದು ಬರೆದುಕೊಂಡು ಬರಲಿ.

ಟೆಂಡರ್‌ಗೆ ಮೊದಲು ಮಾದರಿಗಳನ್ನು ಕಾರ್ಯಕರ್ತೆಯರೂ ಪೋಷಕರೂ ಬಂದು ನೋಡುವಂತೆ ತಾಲ್ಲೂಕು ಕಚೇರಿಯಲ್ಲಿ ಎರಡು ವಾರ ಇಡಿ. ಐಎಸ್‌ಐ ಗುರುತಿನ ಜೊತೆಗಿರುವ ಸಿಎಂ/ಎಲ್ (ಪರವಾನಗಿ) ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಪರವಾನಗಿ ಚಾಲ್ತಿಯಲ್ಲಿದೆಯೇ, ಅದೇ ತಯಾರಕರದೇ ಎಂದು ನೋಡಿ. ಸರಬರಾಜಾದ ಮೇಲೆ ಯಾವುದಾದರೂ ಹತ್ತು ಪೆಟ್ಟಿಗೆ ತೆರೆದು, ಒಂದೊಂದರಿಂದ ಎರಡು ಅರ್ಧ ದಿಮ್ಮಿ, ಒಂದು ಮೂಲ ದಿಮ್ಮಿ ತೆಗೆದು ಪಕ್ಕಪಕ್ಕ ಇಟ್ಟು ಅಳೆಯಿರಿ, ಅರ್ಧ ಮಿ.ಮೀ. ಮೀರಿದರೆ ಆ ಲಾಟ್ ವಾಪಸ್ ಎಂಬ ಷರತ್ತು ಒಪ್ಪಂದದಲ್ಲೇ ಇರಲಿ.

ಇಂತಿ,
ಶಾಲಾಪೂರ್ವ ಶಿಕ್ಷಣ ಮತ್ತು ಆಟಿಕೆ ತಯಾರಿಕೆಯಲ್ಲಿ ತೊಡಗಿರುವ ಕೆಲವರು